ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಯಾಕೆ ಬಿಸಿಯಾಗುತ್ತದೆ? ಥರ್ಮಲ್ ಪ್ಯಾಡ್ ಬದಲಿಸಿ ನೋಡೋಣ

ನಮಸ್ಕಾರ, ಮುಂಬೈ ಪಕ್ಕದ ಡೊಂಬಿವಲಿಯಿಂದ. ಇವತ್ತು ಮೇಜಿನ ಮೇಲಿರುವುದು ನನ್ನ ಅಕ್ಕನ ಮಗನ ಗ್ರಾಫಿಕ್ಸ್ ಕಾರ್ಡ್. ಆರ್‌ಟಿಎಕ್ಸ್ 3080, 10 ಜಿಬಿಯದು. ಹುಡುಗ ಆನಿಮೇಷನ್ ಕಲಿಯುತ್ತಿದ್ದಾನೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ (ದೃಶ್ಯವನ್ನು ಚಿತ್ರವಾಗಿಸುವ ಕೆಲಸ) ಹಾಕಿದ ಸ್ವಲ್ಪ ಹೊತ್ತಿಗೇ ಫ್ಯಾನು ಕೂಗಲು ಶುರು ಮಾಡುತ್ತದೆ, ಆಮೇಲೆ ವೇಗವೂ ಬೀಳುತ್ತದೆ. "ಮಾಮ, ಟೆಂಪರೇಚರ್ ಎಪ್ಪತ್ತರ ಆಸುಪಾಸೇ ತೋರಿಸ್ತಿದೆ, ಮತ್ಯಾಕೆ ಹೀಗೆ?" ಅಂತ ಕೇಳಿದ. ಸರಿಯಾದ ಪ್ರಶ್ನೆ.

ಸ್ಕ್ರೀನ್ ನೋಡಿ. ಇದು ಎಚ್‌ಡಬ್ಲ್ಯೂಇನ್ಫೋ, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಇಲ್ಲಿ ಒಂದಲ್ಲ, ಮೂರು ಅಂಕಿ ಇವೆ. ಕೋರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, 71. ಹಾಟ್‌ಸ್ಪಾಟ್, ಅಂದರೆ ಆ ಚಿಪ್ಪಿನಲ್ಲೇ ಅತಿ ಬಿಸಿಯಾದ ಜಾಗ, 84. ಮೂರನೆಯದು ಮೆಮೊರಿ ಜಂಕ್ಷನ್, ಅಂದರೆ ಮೆಮೊರಿ ಚಿಪ್ಪಿನ ಒಳಗಿನ ಬಿಸಿ. ಅದು 108. ಈ ಕಾರ್ಡಿನಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ 110ರ ಹತ್ತಿರ ಬಂತೆಂದರೆ ಕಾರ್ಡು ತಾನಾಗಿಯೇ ವೇಗ ಇಳಿಸಿ ಜೀವ ಉಳಿಸಿಕೊಳ್ಳುತ್ತದೆ. ಕೋರ್ ತಣ್ಣಗಿದೆ ಅಂತ ಎಲ್ಲರೂ ಸುಮ್ನೆ ಇರುತ್ತಾರೆ, ಪಕ್ಕದಲ್ಲೇ ಮೆಮೊರಿ ಬೇಯುತ್ತಿರುತ್ತದೆ.

ಇದು ಸೆಕೆಂಡ್ ಹ್ಯಾಂಡ್ ಕಾರ್ಡ್. 3080 ಮಾರುಕಟ್ಟೆಗೆ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಗ ಇಥೀರಿಯಂ ಮೈನಿಂಗ್‌ಗೆ, ಅಂದರೆ ಲೆಕ್ಕ ಬಿಡಿಸಿ ಆ ಡಿಜಿಟಲ್ ನಾಣ್ಯ ಗಳಿಸಲು, ಇಂಥ ಕಾರ್ಡುಗಳನ್ನು ಹಗಲು ರಾತ್ರಿ ಓಡಿಸುತ್ತಿದ್ದರು. ಆ ಕೆಲಸದಲ್ಲಿ ಕೋರ್‌ಗಿಂತ ಮೆಮೊರಿಗೇ ದುಡಿಮೆ ಜಾಸ್ತಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಹೊಸ ಪದ್ಧತಿಗೆ ಬದಲಾಯಿತು, ಗ್ರಾಫಿಕ್ಸ್ ಕಾರ್ಡಿನಲ್ಲಿ ಅದರ ಮೈನಿಂಗ್ ಅಲ್ಲಿಗೇ ನಿಂತಿತು. ಆ ಕಾರ್ಡುಗಳೆಲ್ಲ ಹಳೆ ಮಾಲಿನ ಮಾರುಕಟ್ಟೆಗೆ ಬಂದವು. ಇದೂ ಅಂಥದ್ದೇ ಇರಬೇಕು ಅನ್ನುವುದು ನನ್ನ ಅಂದಾಜು. ಯಾಕೆ ಅಂತ ಬಿಚ್ಚಿದ ಮೇಲೆ ತೋರಿಸುತ್ತೇನೆ.

ನಮ್ಮೂರಿನ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರ್ಡು ಕೋಣೆಯ ಗಾಳಿಯಿಂದಲೇ ತಣ್ಣಗಾಗಬೇಕು, ಅಲ್ವಾ? ಮೇ ತಿಂಗಳಲ್ಲಿ ಕೋಣೆಯೇ 34 ಡಿಗ್ರಿ ಇದ್ದರೆ, 24 ಡಿಗ್ರಿ ಎಸಿಯಲ್ಲಿ ಕೂತು ಪರೀಕ್ಷೆ ಮಾಡಿದವರ ಅಂಕಿಗೆ ಹತ್ತು ಸೇರಿಸಿಯೇ ನೋಡಬೇಕು.

ಈಗ ಸಾಮಾನು: ಥರ್ಮಲ್ ಪ್ಯಾಡ್, ಅಂದರೆ ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ (ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಭಾಗ) ದಾಟಿಸುವ ಮೆತ್ತಗಿನ ಹಾಳೆ. ಡೊಂಬಿವಲಿಯಿಂದ ದಾದರ್, ಅಲ್ಲಿ ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್, ಅಲ್ಲಿಂದ ನಡೆದರೆ ಕಂಪ್ಯೂಟರ್ ಸಾಮಾನಿನ ಬೀದಿ, ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್ ಅಂತ ಇದ್ದರೂ ಬಾಯಲ್ಲಿ ಎಲ್ಲರಿಗೂ ಲ್ಯಾಮಿಂಗ್ಟನ್ ರೋಡೇ. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿಗಳಿಗೆ ಬಾಗಿಲು.

ಅಂಗಡಿಯಲ್ಲಿ ಥರ್ಮಲ್ ಪ್ಯಾಡ್ ಕೇಳಿದರೆ ಮೊದಲು ಮುಂದಿಡುವುದು ಪ್ಯಾಕೆಟ್ ಮೇಲಿನ ದೊಡ್ಡ ಅಂಕಿಯನ್ನು. 6 ವ್ಯಾಟ್, 12 ವ್ಯಾಟ್, ಅದಕ್ಕೂ ಮೇಲೆ. ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವುದರ ಅಳತೆ ಅದು, ಪೂರ್ತಿ ಹೇಳಿದರೆ ವ್ಯಾಟ್ ಪರ್ ಮೀಟರ್ ಕೆಲ್ವಿನ್. ಅಂಕಿ ಏರಿದ ಹಾಗೆ ರೇಟೂ ಏರುತ್ತದೆ. ಆದರೆ ನೀವು ಮೊದಲು ಕೇಳಬೇಕಾದದ್ದು ಬೇರೆ: ದಪ್ಪ ಎಷ್ಟು?

ಒಂದು ಲೆಕ್ಕ ಹಾಕೋಣ. ಒಂದು ಮೆಮೊರಿ ಚಿಪ್ 14 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲ. ಅದು 3 ವ್ಯಾಟ್ ಶಾಖ ಬಿಡುತ್ತದೆ ಅಂತಿಟ್ಟುಕೊಳ್ಳಿ. ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ 6ರ ಪ್ಯಾಡ್ ಇದ್ದರೆ, ಪ್ಯಾಡಿನ ಎರಡು ಬದಿಗಳ ನಡುವಿನ ವ್ಯತ್ಯಾಸ ಸುಮಾರು ನಾಲ್ಕೂವರೆ ಡಿಗ್ರಿ. 12ರ ಪ್ಯಾಡ್ ಹಾಕಿದರೆ ಎರಡು ಡಿಗ್ರಿ ಚಿಲ್ಲರೆ. ಎರಡು ಪಟ್ಟು ಒಳ್ಳೆ ಪ್ಯಾಡಿಗೆ ದುಡ್ಡು ಸುರಿದು ಉಳಿಸಿದ್ದು ಎರಡೇ ಡಿಗ್ರಿ. ಈಗ ದಪ್ಪ ಕಡಿಮೆಯಾಗಿ ನಡುವೆ ಗಾಳಿ ಉಳಿಯಿತು ಅಂತಿಟ್ಟುಕೊಳ್ಳಿ, ಬರೀ 0.1 ಮಿಲಿಮೀಟರ್. ಗಾಳಿ ಶಾಖ ದಾಟಿಸುವುದು 6ರ ಪ್ಯಾಡಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೇ 3 ವ್ಯಾಟ್ ಪೂರ್ತಿ ಆ ಗಾಳಿಯನ್ನೇ ದಾಟಬೇಕೆಂದರೆ ವ್ಯತ್ಯಾಸ 65 ಡಿಗ್ರಿ ಮೀರುತ್ತದೆ. ಪುಣ್ಯಕ್ಕೆ ಸ್ವಲ್ಪ ಶಾಖ ಬೋರ್ಡಿನ ಮೂಲಕವೂ ಇಳಿಯುತ್ತದೆ, ಇಲ್ಲದಿದ್ದರೆ ಚಿಪ್ ಉಳಿಯುತ್ತಲೇ ಇರಲಿಲ್ಲ.

ಹಾಗಂತ ದಪ್ಪ ಜಾಸ್ತಿಯಾದರೂ ಕಷ್ಟವೇ. ಹೀಟ್‌ಸಿಂಕ್ ಪ್ಯಾಡುಗಳ ಮೇಲೆಯೇ ಕೂತುಬಿಡುತ್ತದೆ, ನಡುವಿನ ಕೋರ್‌ಗೆ ಸರಿಯಾಗಿ ಒತ್ತುವುದಿಲ್ಲ. ಮೆಮೊರಿ ತಣ್ಣಗಾಯಿತು ಅಂತ ಖುಷಿಪಡುವಷ್ಟರಲ್ಲಿ ಹಾಟ್‌ಸ್ಪಾಟ್ ನೂರು ದಾಟಿರುತ್ತದೆ. ಅದಕ್ಕೇ ಮೆತ್ತಗಿನ ಪ್ಯಾಡ್ ಬೇಕು. ಬೆರಳಿನಿಂದ ಒತ್ತಿದರೆ ನಾದಿಟ್ಟ ಚಪಾತಿ ಹಿಟ್ಟಿನ ಹಾಗೆ ತಗ್ಗಬೇಕು. ಗಟ್ಟಿ ಪ್ಯಾಡ್ ತಗ್ಗದೆ ಬೋರ್ಡನ್ನೇ ಬಗ್ಗಿಸುತ್ತದೆ.

ಬಿಚ್ಚುವ ಮುಂಚೆ ಒಂದು ಮಾತು. ಕಾರ್ಡಿಗೆ ವಾರಂಟಿ ಇದ್ದರೆ ಇದಕ್ಕೆ ಕೈ ಹಾಕಬೇಡಿ, ಮೊದಲು ಸರ್ವಿಸ್ ಸೆಂಟರಿಗೆ ಹೋಗಿ. ಇದರ ವಾರಂಟಿ ಮುಗಿದಿದೆ.

ಹತ್ತು ನಿಮಿಷ ಯಾವುದಾದರೂ ಗೇಮ್ ಓಡಿಸಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತೆ. ಕಾರ್ಡು ಉಗುರುಬೆಚ್ಚಗಿದ್ದರೆ ಕೋರ್‌ಗೂ ಹೀಟ್‌ಸಿಂಕಿಗೂ ನಡುವಿನ ಹಳೆ ಥರ್ಮಲ್ ಪೇಸ್ಟ್ ಮೆತ್ತಗಿರುತ್ತದೆ, ಹೀಟ್‌ಸಿಂಕ್ ಜಗ್ಗಾಡದೆ ಬಿಡುತ್ತದೆ. ಕೋರ್‌ನ ಸುತ್ತ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಅವನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹೀಟ್‌ಸಿಂಕನ್ನು ಎತ್ತಿ ಎಳೆಯಬೇಡಿ, ಮೆಲ್ಲಗೆ ಆಚೀಚೆ ತಿರುಗಿಸಿ. ಫ್ಯಾನಿನ ವೈರು ಇನ್ನೂ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಕನೆಕ್ಟರನ್ನು ಉಗುರಿನಿಂದ ಹಿಡಿದೇ ಬಿಡಿಸಿ.

ಬಿಟ್ಟಿತು. ಕ್ಯಾಮೆರಾ ಹತ್ತಿರ ತರುತ್ತೇನೆ, ಇಲ್ಲಿ ನಿಧಾನವಾಗಿ ನೋಡೋಣ. ನಡುವೆ ಕೋರ್. ಸುತ್ತ ಮೆಮೊರಿಗೆ 12 ಜಾಗ, ಅದರಲ್ಲಿ ಎರಡು ಖಾಲಿ. 10 ಜಿಬಿ ಅಂದರೆ ಒಂದೊಂದು ಜಿಬಿಯ ಹತ್ತು ಚಿಪ್. ಚಿಪ್ಪುಗಳ ಅಂಚಿನಲ್ಲಿ ಹೊಳೆಯುತ್ತಿದೆಯಲ್ಲ, ಅದು ನೀರಲ್ಲ. ಪ್ಯಾಡಿನಿಂದ ಒಸರಿದ ಸಿಲಿಕೋನ್ ಎಣ್ಣೆ. ಕರೆಂಟ್ ಹರಿಸುವುದಿಲ್ಲ, ಹೆದರಬೇಡಿ. ಆದರೆ ಎಣ್ಣೆ ಹೋದ ಪ್ಯಾಡ್ ಏನಾಗಿದೆ ನೋಡಿ: ಚಿಮಟದಿಂದ ಮುಟ್ಟಿದರೆ ಪುಡಿ ಉದುರುತ್ತಿದೆ. ತುಂಬ ಕಾಲ ಒಂದೇ ಸಮನೆ ಕಾದ ಪ್ಯಾಡಿನ ಲಕ್ಷಣ ಇದು. ಮೈನಿಂಗ್ ಅಂದದ್ದು ಇದಕ್ಕೇ.

ಇನ್ನೂ ಮುಖ್ಯವಾದದ್ದು ಈ ಎರಡು ಪ್ಯಾಡ್. ಬಲಗಡೆಯದರ ಮೇಲೆ ಚಿಪ್ಪಿನ ಅಚ್ಚು ನಾಲ್ಕೂ ಅಂಚಿನಲ್ಲಿ ಸ್ಪಷ್ಟವಾಗಿ ಮೂಡಿದೆ. ಎಡಗಡೆಯದರಲ್ಲಿ ಅಚ್ಚು ಅರ್ಧವೇ ಇದೆ, ಒಂದು ಮೂಲೆ ಪೂರ್ತಿ ನುಣ್ಣಗೆ. ಅಲ್ಲಿ ಪ್ಯಾಡ್ ಚಿಪ್ಪಿಗೆ ತಾಗುತ್ತಲೇ ಇರಲಿಲ್ಲ. 108ರ ಗುಟ್ಟು ಈ ಮೂಲೆಯಲ್ಲಿದೆ.

ಅಳೆಯುವಾಗ ಅಚ್ಚಿನ ಒಳಗೆ ಅಳೆಯಬೇಡಿ, ಅದು ಒತ್ತಿ ತೆಳ್ಳಗಾದ ಜಾಗ. ಒತ್ತಡ ಬೀಳದ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಇಡಿ. ಈ ಕಾರ್ಡಿನಲ್ಲಿ ಮೆಮೊರಿಗೆ ಒಂದೂವರೆ, ಕರೆಂಟ್ ಒದಗಿಸುವ ಪವರ್ ಸೆಕ್ಷನ್ನಿಗೆ ಎರಡು ಮಿಲಿಮೀಟರ್ ಬಂತು. ನಿಮ್ಮದರಲ್ಲಿ ಬೇರೆ ಇರಬಹುದು. ಎರಡು ಕಂಪನಿಗಳ 3080ಯಲ್ಲಿ ಹೀಟ್‌ಸಿಂಕ್ ಬೇರೆ, ದಪ್ಪವೂ ಬೇರೆ. ಯಾರದೋ ವಿಡಿಯೋ ನೋಡಿ, ನನ್ನದೂ ಸೇರಿ, ದಪ್ಪ ನಿರ್ಧರಿಸಬೇಡಿ. ಅಂಗಡಿಯಿಂದ ನಾನು 1, 1.5, 2 ಮಿಲಿಮೀಟರ್ ಮೂರನ್ನೂ ಒಂದೊಂದು ಶೀಟ್ ತಂದಿಟ್ಟುಕೊಂಡದ್ದು ಅದಕ್ಕೇ. 6ರವೇ ತಂದೆ.

ಸ್ವಚ್ಛ ಮಾಡುವುದು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ. ಹೊಸ ಪ್ಯಾಡಿನ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಇರುತ್ತದೆ. ಒಂದನ್ನು ಕಿತ್ತು ಚಿಪ್ಪಿನ ಮೇಲೆ ಕೂರಿಸಿ, ಮೇಲಿನದನ್ನು ಮೂಲೆಯಿಂದ ಚಿಮಟದಲ್ಲಿ ಎಬ್ಬಿಸಿ. ಪಾರದರ್ಶಕ ಪ್ಲಾಸ್ಟಿಕ್ ಕಣ್ಣಿಗೆ ಬೀಳುವುದಿಲ್ಲ, ಒಂದೊಂದನ್ನೂ ಎಣಿಸಿ ಪಕ್ಕಕ್ಕಿಟ್ಟೆ.

ಇಲ್ಲಿ ಬಹಳ ಜನ ನೇರ ಬಿಗಿದು ಮುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕೋರ್ ಮೇಲೆ ಸ್ವಲ್ಪ ಪೇಸ್ಟ್ ಹಾಕಿ, ಪೂರ್ತಿ ಬಿಗಿದು, ಮತ್ತೆ ಬಿಚ್ಚಿ ನೋಡುತ್ತೇನೆ. ಹತ್ತೂ ಪ್ಯಾಡಿನಲ್ಲಿ ಅಚ್ಚು ಮೂಡಿರಬೇಕು, ಪೇಸ್ಟ್ ಕೋರ್‌ನ ಮೂಲೆಮೂಲೆಗೂ ತೆಳ್ಳಗೆ ಹರಡಿರಬೇಕು. ಹರಡಿದೆ, ನೋಡಿ. ಒರೆಸಿ, ಹೊಸ ಪೇಸ್ಟ್ ಹಾಕಿ, ಈಗ ಕೊನೆಯ ಸಲ ಬಿಗಿಯುತ್ತೇನೆ.

ಹುಡುಗ ಅದೇ ಸೀನನ್ನು ಅದೇ ಕೋಣೆಯಲ್ಲಿ, ಎಸಿ ಹಾಕದೆ ರೆಂಡರ್‌ಗೆ ಕೊಟ್ಟ. ಅರ್ಧ ಗಂಟೆಯಾಗಿದೆ. ಕೋರ್ 69, ಹಾಟ್‌ಸ್ಪಾಟ್ 81. ಮೆಮೊರಿ 86. ಫ್ಯಾನಿನ ಸದ್ದು ಇಳಿದಿದೆ, ವೇಗ ಬಿದ್ದಿಲ್ಲ. "ಮಾಮ, 86ಆ?" ಅಂತ ಎರಡು ಸಲ ಕೇಳಿದ.

ಎರಡು ವಾರ ಬಿಟ್ಟು ಹಾಟ್‌ಸ್ಪಾಟನ್ನು ಮತ್ತೆ ನೋಡಲು ಅವನಿಗೆ ಹೇಳಿದ್ದೇನೆ. ಪ್ಯಾಡು ಒತ್ತಡಕ್ಕೆ ಇನ್ನಷ್ಟು ತಗ್ಗಿ ಕೂರುತ್ತದೆ, ಅಂಕಿ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. ಕೋರ್‌ಗೂ ಹಾಟ್‌ಸ್ಪಾಟ್‌ಗೂ ಅಂತರ ಬೆಳೆಯುತ್ತಾ ಹೋದರೆ ಮಾತ್ರ ಮತ್ತೆ ಬಿಚ್ಚಬೇಕು. ನಿಮ್ಮ ಹತ್ತಿರ 3090 ಇದ್ದರೆ ಕೆಲಸ ಇನ್ನೂ ಒಂದು ಪಾಲು ಜಾಸ್ತಿ: ಅದರ 24 ಚಿಪ್ಪುಗಳಲ್ಲಿ ಅರ್ಧ ಬೋರ್ಡಿನ ಹಿಂಬದಿಗೆ ಇವೆ. ಬ್ಯಾಕ್‌ಪ್ಲೇಟ್ ಕಡೆಯ ಪ್ಯಾಡಿನ ದಪ್ಪವನ್ನು ಬೇರೆಯಾಗಿಯೇ ಅಳೆಯಿರಿ.