ಗಾಡಿ ಕೆಟ್ಟರೆ ಮೊದಲು ಮೂಟೆ ಇಳಿಸಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಪ್ಪನ ಹಳೆಯ ಕಂಪ್ಯೂಟರ್ ಆಗಾಗ ಗೋಡೆ ಗಡಿಯಾರದ ಹಾಗೆ ಟಿಕ್, ಟಿಕ್ ಎನ್ನತೊಡಗಿತು. ಪರದೆಯ ಮೇಲೆ ವಿಂಡೋಸ್ ಗುರುತು ಮೂಡುತ್ತಿತ್ತು, ಚುಕ್ಕೆಗಳು ಸುತ್ತುತ್ತಿದ್ದವು, ಆಮೇಲೆ ಕತ್ತಲು. ಅಜ್ಜಿ ಹಾಡಿದ್ದನ್ನು ಕೇಳಿ ಅಪ್ಪ ಬೆರಳಚ್ಚು ಮಾಡಿದ್ದ ಸೋಬಾನೆ ಪದಗಳು, ತಂಗಿಯ ಮದುವೆಯ ಫೋಟೋಗಳು, ತೋಟದ ಲೆಕ್ಕ ಎಲ್ಲವೂ ಅದರೊಳಗೇ ಇದ್ದವು. "ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡು" ಎಂದರು ಅಪ್ಪ. ನಾನು ಆರು ಸಲ ಮಾಡಿದೆ. ಆ ಆರು ಸಲದ ಪಶ್ಚಾತ್ತಾಪ, ಕೆಟ್ಟ ಕಂಪ್ಯೂಟರಿನೊಳಗಿನ ಕಡತಗಳನ್ನು ಉಳಿಸಿಕೊಳ್ಳುವ ಬಗೆ, ಇವೇ ಇವತ್ತಿನ ಮಾತು.

ಕಡತಗಳೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಆ ತಟ್ಟೆಗಳ ಮೇಲೆ ಓದುವ ಮುಳ್ಳು ತೇಲುತ್ತಿರುತ್ತದೆ. ನಡುವಿನ ಅಂತರ ನಮ್ಮ ತಲೆಗೂದಲ ದಪ್ಪದಲ್ಲಿ ಸಾವಿರದ ಒಂದು ಪಾಲೂ ಇಲ್ಲ. ಮುಳ್ಳಿಗೆ ತನ್ನ ದಾರಿ ಸಿಗದೆ ಹಿಂದೆ ಸರಿದು ಮತ್ತೆ ಹುಡುಕುವ ಸದ್ದೇ ಆ ಟಿಕ್ ಟಿಕ್. ಅದು ತಟ್ಟೆಗೆ ತಗುಲಿ ಗೀರಿದರೆ, ಗೀರಿದ ಜಾಗದಲ್ಲಿದ್ದದ್ದು ಹೋದಂತೆಯೇ. ಆದ್ದರಿಂದ ಸದ್ದು ಕೇಳಿದ ಕೂಡಲೇ ಆಫ್ ಮಾಡಿ, ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ಗೊತ್ತು.

ಅಂಗಡಿಗೆ ಒಯ್ದೆ. "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುತ್ತೇನೆ, ಸಂಜೆ ಬನ್ನಿ" ಎಂದ ಹುಡುಗ. ಫಾರ್ಮ್ಯಾಟ್ ಎಂದರೆ ಒಳಗಿನದ್ದನ್ನೆಲ್ಲ ಅಳಿಸುವುದು. ಅವನ ದೃಷ್ಟಿಯಲ್ಲಿ ಅದೇ ಸರಿ, ಅವನು ರಿಪೇರಿ ಮಾಡಬೇಕಾದದ್ದು ಕಂಪ್ಯೂಟರನ್ನು. ನಮಗೆ ಬೇಕಿದ್ದದ್ದು ಕಂಪ್ಯೂಟರ್ ಅಲ್ಲವಲ್ಲ! ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದೆ.

ಕಂಪ್ಯೂಟರ್ ಎದ್ದೇಳದಿದ್ದಾಗ ಎಷ್ಟೋ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ. ವಿದ್ಯುತ್ ಕೊಡುವ ಪೆಟ್ಟಿಗೆಯೋ ಮದರ್‌ಬೋರ್ಡೋ ಸುಟ್ಟಿರುತ್ತದೆ. ಆಗ ಡಿಸ್ಕನ್ನು ಬಿಚ್ಚಿ, ಅದರ ಸಾಟಾ ಎಂಬ ಕಿಂಡಿಯಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಹಾಕಿ, ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು. ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕಿಗೆ ವಿದ್ಯುತ್ತಿಗೆ ಬೇರೆ ಅಡಾಪ್ಟರ್ ಬೇಕು, ಲ್ಯಾಪ್‌ಟಾಪಿನ ಚಿಕ್ಕದಕ್ಕೆ ಬೇಡ. ವಿಂಡೋಸ್ ಮಾತ್ರ ಕೆಟ್ಟಿದ್ದರೆ ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ತುಂಬಿಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಉಬುಂಟು ಉಚಿತ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ, ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ ಬಿದ್ದಿದ್ದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ನಮ್ಮ ಡಿಸ್ಕ್ ಮಾತ್ರ ನಿಜವಾಗಿಯೂ ಹಣ್ಣಾಗಿತ್ತು. ಆದರೂ ಕಂಪ್ಯೂಟರಿಗೆ ಅದರ ಗುರುತು ಸಿಗುತ್ತಿತ್ತು. ಗುರುತೇ ಸಿಗದಿದ್ದರೆ, ಅಥವಾ ಒಂದು ಫೋಟೋ ಹೋದರೂ ತಡೆಯಲಾಗದು ಎನ್ನುವಂತಿದ್ದರೆ, ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೇ ಕೊಡಬೇಕು. ಖರ್ಚು ಚುರುಕು ಮುಟ್ಟಿಸುತ್ತದೆ. ನಾನು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಿದೆ. ಅದು ಸಲೀಸಾಗಿ ಬರುವ ಭಾಗವನ್ನು ಮೊದಲು ಇನ್ನೊಂದು ಡಿಸ್ಕಿಗೆ ಎತ್ತಿಕೊಂಡು, ಹಟ ಹಿಡಿದ ಜಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಗೆ ನಿಂತೆ ಎಂದು ಲೆಕ್ಕವನ್ನೂ ಬರೆದಿಡುತ್ತದೆ. ಎರಡು ರಾತ್ರಿ ಓಡಿತು. ಫ್ಯಾನಿನ ಗಾಳಿ ಡಿಸ್ಕಿಗೆ, ಸೆಕೆ ನನಗೆ.

ಡಿಸ್ಕನ್ನು ಫ್ರಿಜ್ಜಿನಲ್ಲಿ ಇಡು ಎಂದು ಹೇಳಿದವರಿದ್ದಾರೆ. ಹೊರಗೆ ತೆಗೆದಾಗ ತಣ್ಣನೆಯ ಚೊಂಬಿನ ಮೇಲೆ ಕೂರುವ ಹನಿ ಡಿಸ್ಕಿಗೂ ಕೂರುತ್ತದೆ, ಬೇಡ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ದುರಸ್ತಿ ಸಾಧನ ಓಡಿಸುವುದೂ ಬೇಡ, ಸರಿಪಡಿಸುವ ಭರದಲ್ಲಿ ಅದು ಆ ಡಿಸ್ಕಿನ ಮೇಲೆಯೇ ಬರೆಯುತ್ತದೆ.

ಮೂರನೆಯ ದಿನ ಅಜ್ಜಿಯ ಪದಗಳ ಕಡತ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ! ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು, ಪೌಂಡ್ ಗುರುತುಗಳು. ಎದೆ ಧಸಕ್ಕೆಂದಿತು. ಆದರೆ ಕಡತ ಕೆಟ್ಟಿರಲಿಲ್ಲ. ಅಪ್ಪ ಬರೆದದ್ದು ಹಳೆಯ ನುಡಿ ಅಕ್ಷರಶೈಲಿಯಲ್ಲಿ. ಅದರಲ್ಲಿ ರೋಮನ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿರುತ್ತಾರೆ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಬಟ್ಟೆ ಕಳಚಿ ಬೀಳುತ್ತದೆ. ಅಕ್ಷರಶೈಲಿ ಹಾಕಿ, ಪರಿವರ್ತಕದಲ್ಲಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯುನಿಕೋಡಿಗೆ ಬದಲಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಂದು ಕುಳಿತರು. ಅಜ್ಜಿಯ ಪದವನ್ನು ತುಟಿ ಅಲುಗಿಸುತ್ತ ಓದಿದರು. ನನ್ನ ಎರಡು ರಾತ್ರಿಯ ನಿದ್ದೆಗೆ ಒಂದು ಮಾತು ಸಿಗಬಹುದೆಂದು ಕಾದೆ. "ನೋಡಿಲ್ಲಿ, ನಾಲ್ಕನೆಯ ಸಾಲಿನಲ್ಲಿ ಅರ್ಕಾವೊತ್ತು ಜಾರಿದೆ" ಎಂದರು.

ನಮಸ್ಕಾರ.