ರಾತ್ರಿಯೂ ಅಲ್ಲ, ರವಿವರ್ಮನದೂ ಅಲ್ಲ

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ವಿಷಯ ‘ಯುರೋಪಿನ ಕಲೆ: ಒಂದು ಅವಲೋಕನ’ ಅಂತ ಅಚ್ಚಾಗಿದೆ. ನಾನು ನೋಡಿದ್ದು ಆಮ್‌ಸ್ಟರ್‌ಡ್ಯಾಮ್ ಒಂದೇ ಊರು. ಅದೂ ಮೂರೇ ದಿನ, ಅದರಲ್ಲಿ ಅರ್ಧ ದಿನ ಮಳೆ. ಹಂಪಿ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಬಂದವನು ವಿಜಯನಗರದ ಇತಿಹಾಸ ಹೇಳಲು ನಿಂತ ಹಾಗಾಯಿತು. ಆದರೂ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನಿಗೆ ಮೈಕು ಕೊಟ್ಟಿದ್ದೀರಿ, ಅನುಭವಿಸಿ. ಐದು ಅಂಶ ಬರೆದುಕೊಂಡು ಬಂದಿದ್ದೇನೆ.

ಮೊದಲು ನಮ್ಮೂರಿನದೇ ಒಂದು ಪ್ರಶ್ನೆ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಯಾರದ್ದು? ನೋಡಿ, ಹಿಂದಿನ ಸಾಲಿನಿಂದ ಬಂತು, ‘ರವಿವರ್ಮ’. ಅಲ್ಲ ಸ್ವಾಮಿ! ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, ಅದಾಗಿ ಸುಮಾರು ನಾಲ್ಕು ದಶಕದ ಮೇಲೆ. ರೂಪದರ್ಶಿ ಅವರ ಮಗಳೇ. ಇನ್ನೊಂದು ವಿಷಯ, ಅದು ತೈಲವರ್ಣವೇ ಅಲ್ಲ, ಜಲವರ್ಣ. ನೀರು ಬಣ್ಣದಲ್ಲಿ ಬೆರಳ ಸಂದಿಯಿಂದ ಸೋರುವ ಆ ಬೆಳಕು ತರೋದು ಎಂಥ ಕಷ್ಟ ಅಂತ ಕುಂಚ ಹಿಡಿದವರಿಗೆ ಗೊತ್ತು, ತಪ್ಪಿದರೆ ಮತ್ತೆ ಮೇಲೆ ಬಳಿಯೋ ಹಾಗಿಲ್ಲ. ಮೈಸೂರಿನವರು ಆ ಚಿತ್ರದ ಮುಂದೆ ನಿಂತಿದ್ದೇವೆ, ಆದರೆ ನಾವು ನೋಡಿದ್ದು ಹೆಸರನ್ನ. ಅದೂ ತಪ್ಪು ಹೆಸರನ್ನ.

ಇದೇ ನನ್ನ ತಕರಾರು. ಇವತ್ತು ಇದನ್ನೇ ನಾಲ್ಕು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಈಗ ಆಮ್‌ಸ್ಟರ್‌ಡ್ಯಾಮ್. ರೈಕ್ಸ್‌ಮ್ಯೂಸಿಯಂ 1885ರಲ್ಲಿ ತೆರೆದ ಕಟ್ಟಡ, ಹತ್ತು ವರ್ಷ ದುರಸ್ತಿಯಾಗಿ 2013ರಲ್ಲಿ ಮತ್ತೆ ಬಾಗಿಲು ತೆರೆಯಿತು. ಇದರ ಹೊಟ್ಟೆಯೊಳಗೇ ಸೈಕಲ್ ದಾರಿ ಹಾದುಹೋಗುತ್ತೆ. ದುರಸ್ತಿ ನೆಪದಲ್ಲಿ ಆ ದಾರಿಯನ್ನ ಕಿರಿದು ಮಾಡ್ತೀವಿ ಅಂದಾಗ ಸೈಕಲ್ ಸಂಘದವರು ಗಲಾಟೆ ಮಾಡಿ ನಕ್ಷೆಯನ್ನೇ ಬದಲಾಯಿಸಿದರು. ನಾನು ಕಮಾನು ನೋಡ್ತಾ ಬಾಯಿ ಬಿಟ್ಟುಕೊಂಡು ದಾರಿ ಮಧ್ಯೆ ನಿಂತಿದ್ದೆ. ಹಿಂದಿನಿಂದ ಟ್ರಿಣ್ ಟ್ರಿಣ್. ಡಚ್ ಭಾಷೆಯಲ್ಲಿ ಏನೋ ಅಂದುಹೋದಳು ಒಬ್ಬಳು ಅಜ್ಜಿ. ಅರ್ಥ ಆಗಲಿಲ್ಲ, ಧಾಟಿ ಮಾತ್ರ ನಮ್ಮ ದೇವರಾಜ ಮಾರ್ಕೆಟ್ಟಿನದೇ.

ಒಳಗೆ ಹೋದರೆ ಎಲ್ಲರೂ ಒಂದೇ ಕಡೆ ಓಡ್ತಾರೆ, ಡಚ್ ಚಿತ್ರಕಾರ ರೆಂಬ್ರಾಂಟನ ‘ನೈಟ್ ವಾಚ್’, ಅಂದರೆ ‘ರಾತ್ರಿ ಕಾವಲು’ ಚಿತ್ರದ ಕಡೆಗೆ. 1642ರದ್ದು, ಸುಮಾರು 12 ಅಡಿ ಎತ್ತರ, 14 ಅಡಿಗೂ ಮಿಕ್ಕ ಅಗಲ. 1715ರಲ್ಲಿ ಪುರಭವನದ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿಬಿಟ್ಟರು. ಬಾಗಿಲಿಗೆ ಪರದೆ ಕತ್ತರಿಸೋ ಹಾಗೆ! ಆಮೇಲೆ 1975ರಲ್ಲಿ ಒಬ್ಬ ಚಾಕು ಹಾಕಿದ, 1990ರಲ್ಲಿ ಇನ್ನೊಬ್ಬ ಆಸಿಡ್ ಎರಚಿದ. ಇಷ್ಟೆಲ್ಲ ತಿಂದ ಚಿತ್ರದ ಹೆಸರೇ ಸುಳ್ಳು. ಅದು ರಾತ್ರಿಯ ಚಿತ್ರ ಅಲ್ಲ. ಹಗಲೇ. ವಾರ್ನಿಷ್ ಕಪ್ಪಾಗಿ ರಾತ್ರಿ ಥರ ಕಂಡಿತು, ಯಾರೋ ಹೆಸರಿಟ್ಟರು, ಆಮೇಲೆ ಬಂದವರೆಲ್ಲ ರಾತ್ರಿಯನ್ನೇ ನೋಡಿದರು. ನಮ್ಮ ಹಿಂದಿನ ಸಾಲಿನವರು ಒಬ್ಬರೇ ಅಲ್ಲ ಅಂತ ಹೇಳೋಕೆ ಇದನ್ನ ಹೇಳಿದೆ.

ಅದರ ಮುಂದಿನ ಜನ ಏನು ಮಾಡ್ತಾರೆ? ಫೋನ್ ಎತ್ತಿ, ಫೋಟೋ ತೆಗೆದು, ಮುಂದಕ್ಕೆ. ಇದು ದರ್ಶನ ಕಣ್ರೀ. ತಿರುಪತಿಯಲ್ಲಿ ‘ಜರಗಂಡಿ, ಜರಗಂಡಿ’ ಅಂತ ತಳ್ಳೋರು ಒಬ್ಬರು ಇಲ್ಲ, ಅಷ್ಟೇ ವ್ಯತ್ಯಾಸ. ದೇವರಿಗೆ ದರ್ಶನ ಸಾಕು, ಅವನು ನಮ್ಮನ್ನ ನೋಡಿದರೆ ಆಯಿತು. ಚಿತ್ರಕ್ಕೆ ಅದು ಸಾಲದು.

ನನ್ನ ವೈಯಕ್ತಿಕ ಅಭಿಪ್ರಾಯ ಹೇಳಿಬಿಡ್ತೀನಿ, ಬೈಯ್ಯೋರು ಆಮೇಲೆ ಬೈಯ್ಯಿರಿ. ನೈಟ್ ವಾಚ್ ನನಗೆ ಹಿಡಿಸಲಿಲ್ಲ. ಗದ್ದಲ ಜಾಸ್ತಿ. ಅದೇ ಸಾಲಿನಲ್ಲಿ ಒಂದೂವರೆ ಅಡಿ ಎತ್ತರದ ಒಂದು ಚಿತ್ರ ಇದೆ, ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರನ ಹಾಲು ಸುರಿಯುವ ಹೆಂಗಸು. ಸುಮಾರು 1660ರದ್ದು. ಅಲ್ಲಿ ನಡೆದದ್ದನ್ನ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಾನು ಕನ್ನಡಕ ಏರಿಸಿಕೊಂಡು ಪಕ್ಕದ ಫಲಕ ಓದ್ತಾ ಇದ್ದೆ. ನಮ್ಮ ಮನೆಯವರು ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಸುಮ್ಮನೆ ನಿಂತರು. ಐದು ನಿಮಿಷ ಆಯಿತು. ‘ಬಾರೆ, ಇನ್ನೂ ಮೂರು ಮಹಡಿ ಇದೆ’ ಅಂದೆ. ‘ಇರೀ’ ಅಂದರು. ಮತ್ತೆ ಐದು ನಿಮಿಷ. ಆಮೇಲೆ ಮೆಲ್ಲಗೆ, ‘ರೀ, ಆ ಬ್ರೆಡ್ಡು ನಿನ್ನೇದು’ ಅಂದರು. ಏನೇ ಅದು? ‘ನೋಡಿ, ಮುರಿದು ತುಂಡು ಮಾಡಿ ಇಟ್ಟಿದ್ದಾಳೆ. ತಂಗಳು. ಹಾಲನ್ನ ಅಷ್ಟು ಸಣ್ಣಗೆ ಬಿಡ್ತಿರೋದು ಯಾಕೆ? ಲೋಟಕ್ಕೆ ಸುರಿಯೋರು ಹಾಗೆ ಬಿಡಲ್ಲ. ಮಡಕೆಯೊಳಗೆ ಬ್ರೆಡ್ಡಿದೆ, ಹದವಾಗಿ ನೆನೀಬೇಕು. ಇವಳು ಪಾಯಸದ ಥರ ಏನೋ ಮಾಡ್ತಿದ್ದಾಳೆ.’ ನಾನು ನಕ್ಕೆ. ಸಭೆಯ ಮುಂದೆ ಒಪ್ಪಿಕೊಳ್ತೀನಿ, ನಕ್ಕೆ. ಊರಿಗೆ ಬಂದು ಪುಸ್ತಕ ತೆಗೆದರೆ ಕಲಾ ಇತಿಹಾಸಕಾರರೂ ಅದನ್ನೇ ಬರೆದಿದ್ದಾರೆ: ಹಳಸಲು ಬ್ರೆಡ್ಡನ್ನ ಹಾಲಿನಲ್ಲಿ ನೆನೆಸಿ ಪುಡಿಂಗ್ ಮಾಡುತ್ತಿರಬೇಕು ಅಂತ. ಅವರು ಗ್ರಂಥಾಲಯದಿಂದ ಬಂದು ತಲುಪಿದ ಜಾಗಕ್ಕೆ ನಮ್ಮ ಮನೆಯವರು ಅಡುಗೆಮನೆಯಿಂದ ಬಂದು ಹತ್ತು ನಿಮಿಷದಲ್ಲಿ ತಲುಪಿದರು. ಚಿತ್ರಕಾರನ ಹೆಸರು ಕೇಳಿದರೆ ಅವರಿಗೆ ಇವತ್ತಿಗೂ ನೆನಪಿಲ್ಲ.

ಆಮೇಲೆ ನಾನೂ ಫಲಕ ಬಿಟ್ಟು ನೋಡಿದೆ. ಕಿಟಕಿಯ ಒಂದು ಗಾಜು ಒಡೆದಿದೆ. ಬೆಳ್ಳಗಿನ ಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಗೆ ನೆರಳು! ಮೊಳೆ ಕಿತ್ತ ತೂತುಗಳು. ಗೋಡೆಯನ್ನ ಅಷ್ಟು ಖಾಲಿ ಬಿಡೋಕೆ ಅವನು ಒದ್ದಾಡಿದ್ದಾನೆ. ಮೊದಲು ಅವಳ ಹಿಂದೆ ಹೂಜಿಗಳನ್ನ ತೂಗುಹಾಕೋ ಪಟ್ಟಿ ಬರೆದಿದ್ದ, ಆಮೇಲೆ ಅಳಿಸಿದ. ಮ್ಯೂಸಿಯಂನವರು ಇದನ್ನ 2022ರಲ್ಲಿ ಸ್ಕ್ಯಾನ್ ಮಾಡಿ ಕಂಡುಕೊಂಡರು. ತೆಗೆಯೋದೂ ಚಿತ್ರ ಬರೆಯೋದೇ ಅಂತ ಮೂವತ್ತೊಂದು ವರ್ಷ ಹುಡುಗರಿಗೆ ಕಿರುಚಿದ್ದೇನೆ. ಯಾರೂ ಕೇಳಲಿಲ್ಲ, ಎಲ್ಲರ ಚಿತ್ರದಲ್ಲೂ ಎರಡು ಬೆಟ್ಟ, ನಡುವೆ ಸೂರ್ಯ, ಮೇಲೆ ನಾಲ್ಕು ಕಾಗೆ.

ಅಂದಹಾಗೆ ಈ ವರ್ಮೀರ್ 1675ರಲ್ಲಿ ಸಾಲ ಬಿಟ್ಟು ಸತ್ತ. ಬೇಕರಿಯವನಿಗೇ 600 ಗಿಲ್ಡರ್‌ಗೂ (ಆಗಿನ ಡಚ್ ನಾಣ್ಯ) ಮಿಕ್ಕಿ ಬಾಕಿ. ಅದಕ್ಕಾಗಿ ಹೆಂಡತಿ ಎರಡು ಚಿತ್ರಗಳನ್ನ ಬೇಕರಿಯವನ ವಶಕ್ಕೆ ಕೊಟ್ಟಳು. ಬ್ರೆಡ್ಡನ್ನ ಅಷ್ಟು ಚೆನ್ನಾಗಿ ಬರೆದವನ ಗತಿ.

ಚೀಟಿ ಬಂತು. ‘ಹತ್ತು ನಿಮಿಷ’. ನಾನಿನ್ನೂ ಎರಡನೇ ಅಂಶದಲ್ಲೇ ಇದ್ದೇನೆ.

ಮೂರನೆಯದು, ಅಲ್ಲಿನ ಏಷ್ಯಾ ವಿಭಾಗದಲ್ಲಿರೋ ಚೋಳರ ಕಾಲದ ಕಂಚಿನ ನಟರಾಜ. ಸುತ್ತ ತಿರುಗಿ ಬೆನ್ನನ್ನೂ ನೋಡಬಹುದು. ಉತ್ಸವದಲ್ಲಿ ಪಟ್ಟೆ, ಹೂವು ತುಂಬಿ ಹೊತ್ತು ತಿರುಗುತ್ತಿದ್ದ ಮೂರ್ತಿ, ಭಕ್ತರಿಗೆ ಕಂಡಿದ್ದು ಹೆಚ್ಚೆಂದರೆ ಮುಖ. ಇಲ್ಲಿ ನನ್ನ ವಾದ ನನಗೇ ಕೈಕೊಟ್ಟಿತು. ದರ್ಶನಕ್ಕೆ ಅಂತ ಮಾಡಿದ್ದನ್ನ ನಾನು ತಾಸುಗಟ್ಟಲೆ ನೋಡ್ತಾ ನಿಂತಿದ್ದೆ, ಶಿಲ್ಪಿ ಯಾರಿಗಾಗಿ ಆ ಬೆನ್ನು ತಿದ್ದಿದ ಅಂತ ಹೊಳೆಯಲೇ ಇಲ್ಲ. ಚರ್ಚೆ ಮಾಡಬೇಕಿತ್ತು.

ನಾಲ್ಕನೆಯದು, ರೆಂಬ್ರಾಂಟ್ ಹಾಲೆಂಡ್ ಬಿಟ್ಟು ಹೊರಗೆ ಹೋದವನಲ್ಲ. ಆದರೂ ನಮ್ಮ ಮೊಘಲ್ ಕಿರುಚಿತ್ರಗಳನ್ನ ನೋಡಿ ಸುಮಾರು 25 ನಕಲು ಬರೆದ, ದಿವಾಳಿ ಎದ್ದ ಕಾಲದಲ್ಲಿ. ಜಹಾಂಗೀರ್, ಷಹಜಹಾನ್. ಫೋಟೋ ತೆಗೀಲಿಲ್ಲ, ಕೈಯಿಂದ ನೋಡಿದ. ಇದು ನಾಲ್ಕನೇ ಸಲ, ಮುಗೀತು.

ಐದನೆಯದು ಚಿತ್ರಕಾರ ವ್ಯಾನ್ ಗೋ ಹೆಸರಿನ ಮ್ಯೂಸಿಯಂ. ಮುಂಚೆಯೇ ಟಿಕೆಟ್ ಕಾದಿರಿಸಬೇಕು ಅಂತ ನಾನು ನೋಡಿರಲಿಲ್ಲ, ಒಳಗೆ ಹೋಗಲಾಗಲಿಲ್ಲ. ಹಾಗಾಗಿ ಅದರ ಬಗ್ಗೆ ಹೇಳೋಕೆ ಏನೂ ಇಲ್ಲ, ಸಮಯವೂ ಉಳೀತು.

ಮತ್ತೊಂದು ಚೀಟಿ. ಇದರಲ್ಲಿ ‘ಉಪ್ಪಿಟ್ಟು ಆರುತ್ತಿದೆ’ ಅಂತ ಬರೆದಿದೆ. ಪ್ರಶ್ನೆ ಇದ್ದವರು ಮೂರನೇ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕೂತಿರೋರನ್ನ ಕೇಳಿ. ನೋಡಿದ್ದು ಅವರು.