ಊರಿನವನಿಗೆ ಕೋರ್ಟು, ಹೊರಗಿನವನಿಗೆ ವಾಷಿಂಗ್ಟನ್!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ಸ್ಪೇನ್ ಸೋಲಾರ್ ಕೇಸ್ ಬಗ್ಗೆ ಮಾಡಿದ ಹಿಂದಿನ ಎಪಿಸೋಡಿನ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಸರ್, ಸರ್ಕಾರ ಮಾತು ಕೊಟ್ಟಿತು, ತಪ್ಪಿತು. ಕಂಪನಿ ಆರ್ಬಿಟ್ರೇಷನ್‌ಗೆ ಹೋಯಿತು, ಗೆದ್ದಿತು. ನ್ಯಾಯ ಸಿಕ್ಕಿತಲ್ಲ, ಇನ್ನೇನು ನಿಮ್ಮ ತಕರಾರು?" ಕೊನೆಗೆ ಕೈಮುಗಿಯುವ ಎಮೋಜಿ ಬೇರೆ. ನನ್ನ ವಿಡಿಯೋಗಿಂತ ಅದಕ್ಕೇ ಜಾಸ್ತಿ ಲೈಕ್ ಬಿದ್ದಿದೆ.

ನನ್ನ ತಕರಾರು ಒಂದೇ. ನ್ಯಾಯ ಯಾರಿಗೆ ಸಿಕ್ಕಿತು?

ಹಿಂದಿನ ಎಪಿಸೋಡ್ ನೋಡದವರಿಗೆ ಬೇಗ ಹೇಳಿಬಿಡುತ್ತೇನೆ. ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಹೊರಗೆ, ಮಧ್ಯಸ್ಥರ ಮಂಡಳಿ ಮುಂದೆ ನಡೆಯುವ ವಿಚಾರಣೆ. ನೋಡಿದವರು ಅಷ್ಟರಲ್ಲಿ ಸಬ್‌ಸ್ಕ್ರೈಬ್ ಒತ್ತಿ. 2007ರಲ್ಲಿ ಸ್ಪೇನ್ ಸರ್ಕಾರ 661 ನಂಬರಿನ ರಾಜಾಜ್ಞೆ ಹೊರಡಿಸಿತು. ಸಣ್ಣ ಸೋಲಾರ್ ಘಟಕ ಹಾಕಿದರೆ, ಅದರ ಕರೆಂಟಿಗೆ ಯೂನಿಟ್‌ಗೆ 44 ಯೂರೋ ಸೆಂಟ್ ದರ. 25 ವರ್ಷ ಕಾಲ. ಮುಂದೆ ದರ ಪರಿಷ್ಕರಣೆ ಆದರೂ ಈಗಾಗಲೇ ನಡೆಯುತ್ತಿರುವ ಘಟಕಗಳಿಗೆ ಅದು ತಾಕುವುದಿಲ್ಲ ಅಂತ ಅದೇ ಆಜ್ಞೆಯಲ್ಲಿ ಬರೆದಿತ್ತು. ಸರ್ಕಾರದ್ದೇ ಇಂಧನ ಸಂಸ್ಥೆ "ಸೂರ್ಯ ನಿಮ್ಮವನಾಗಬಹುದು" ಅಂತ ಪ್ರಚಾರ ಮಾಡಿತು. ನ್ಯೂಯಾರ್ಕಿನ ಬ್ಯಾಂಕಿನವರಿಗೆ ಹೇಳಿದ ಮಾತಲ್ಲ ಇದು. ಊರಿನ ಜನಕ್ಕೆ ಹೇಳಿದ್ದು. ರೈತರು, ಅಂಗಡಿಯವರು, ರಿಟೈರ್ ಆದವರು ಸಾಲ ತೆಗೆದರು. ಕೆಲವರು ಮನೆಯನ್ನೇ ಅಡ ಇಟ್ಟರು. ಹತ್ತಾರು ಜನ ಸೇರಿ ಒಂದೇ ಹೊಲದಲ್ಲಿ ಪ್ಯಾನಲ್ ನಿಲ್ಲಿಸಿದರು. ಅಲ್ಲಿನವರು ಅದನ್ನು ಸೋಲಾರ್ ತೋಟ ಅಂತಲೇ ಕರೆಯುತ್ತಾರೆ. ಹೀಗೆ ದುಡ್ಡು ಹಾಕಿದ ಕುಟುಂಬಗಳು ಸುಮಾರು 60 ಸಾವಿರ ಅಂತ ಸಣ್ಣ ಉತ್ಪಾದಕರ ಸಂಘ ಹೇಳುತ್ತದೆ.

ಸರ್ಕಾರದ ಗುರಿ ಇದ್ದದ್ದು 371 ಮೆಗಾವ್ಯಾಟ್. 2008 ಒಂದೇ ವರ್ಷದಲ್ಲಿ 2,500 ಮೆಗಾವ್ಯಾಟ್‌ಗೂ ಜಾಸ್ತಿ ಎದ್ದು ನಿಂತಿತು. ಆ ವರ್ಷ ಪ್ರಪಂಚದಲ್ಲಿ ಇನ್ಯಾವ ದೇಶವೂ ಅಷ್ಟು ಸೋಲಾರ್ ಹಾಕಿರಲಿಲ್ಲ. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು. ಮನೆಮನೆಯ ಕರೆಂಟ್ ಬಿಲ್ಲಿನಿಂದ ಬರುತ್ತಿದ್ದ ದುಡ್ಡಿಗೂ ನಿಜವಾದ ಖರ್ಚಿಗೂ ಮಧ್ಯೆ ಇದ್ದ ಬಾಕಿ ಬೆಳೆದು ಬೆಳೆದು 2,500 ಕೋಟಿ ಯೂರೋ ದಾಟಿತು. ಸರ್ಕಾರಕ್ಕೆ ಕಷ್ಟ ಇತ್ತು, ಸುಳ್ಳಲ್ಲ. ಅದಕ್ಕೆ ಏನು ಮಾಡಿದರು? 2010ರಲ್ಲಿ ವರ್ಷಕ್ಕೆ ಇಷ್ಟೇ ಗಂಟೆಯ ಕರೆಂಟಿಗೆ ಆ ದರ ಅಂತ ಮಿತಿ. ಆಮೇಲೆ ಕರೆಂಟ್ ತಯಾರಿಸುವವರ ಮೇಲೆ ಶೇ 7ರ ತೆರಿಗೆ. 2013ರ ಜುಲೈಯಲ್ಲಿ ಹಳೆಯ ದರವೇ ರದ್ದು. 2014ರಲ್ಲಿ ಹೊಸ ಲೆಕ್ಕ: ಸರ್ಕಾರಿ ಬಾಂಡಿನ ಬಡ್ಡಿ, ಅದರ ಮೇಲೆ ಶೇ 3. ಒಟ್ಟು ಶೇ 7.398 ಲಾಭ ನಿಮಗೆ ಸಾಕು ಅಂದರು. ಹಿಂದಿನ ವರ್ಷಗಳಲ್ಲಿ ದುಡಿದದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು.

ಈಗ ನ್ಯಾಯದ ಬಾಗಿಲಿನ ವಿಷಯಕ್ಕೆ ಬನ್ನಿ. ಮಾತು ತಪ್ಪಿದ್ದು ಎಲ್ಲರಿಗೂ. ಆದರೆ ಬಾಗಿಲು ತೆರೆದದ್ದು ಹೊರಗಿನವರಿಗೆ ಮಾತ್ರ.

ಎನರ್ಜಿ ಚಾರ್ಟರ್ ಟ್ರೀಟಿ ಅಂತ ಒಂದು ಒಪ್ಪಂದ. 1994ರಲ್ಲಿ ಲಿಸ್ಬನ್‌ನಲ್ಲಿ ಸಹಿ ಆಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪೂರ್ವದ ದೇಶಗಳ ತೈಲ, ಗ್ಯಾಸ್‌ಗೆ ಪಶ್ಚಿಮದವರು ಹಾಕುವ ದುಡ್ಡಿಗೆ ಭದ್ರತೆ ಬೇಕು ಅಂತ ಹುಟ್ಟಿದ್ದು. ಒಂದು ಸದಸ್ಯ ದೇಶದ ಹೂಡಿಕೆದಾರ ಇನ್ನೊಂದು ಸದಸ್ಯ ದೇಶದ ಸರ್ಕಾರವನ್ನು ನೇರವಾಗಿ ಆರ್ಬಿಟ್ರೇಷನ್‌ಗೆ ಎಳೆಯಬಹುದು. ವಾಷಿಂಗ್ಟನ್‌ನಲ್ಲಿ ವಿಶ್ವಬ್ಯಾಂಕಿನ ಇಕ್ಸಿಡ್ ಅನ್ನುವ ಆರ್ಬಿಟ್ರೇಷನ್ ಕೇಂದ್ರ ಇದೆ, ಇಲ್ಲವಾದರೆ ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು ಇದೆ. ಗಮನಿಸಿ, "ಇನ್ನೊಂದು ದೇಶದ." ಸ್ಪೇನಿನ ಎಸ್ತ್ರೆಮದೂರ ಪ್ರಾಂತ್ಯದ ರೈತನಿಗೆ ತನ್ನದೇ ದೇಶದ ಮೇಲೆ ಈ ದಾರಿ ಇಲ್ಲ. ಅವನ ತಪ್ಪೇನು? ಅಲ್ಲೇ ಹುಟ್ಟಿದ್ದು!

ಸರಿ, ಹೊರಗಿನವರು ಅಂದರೆ ಯಾರು? ಫ್ಲಾರಿಡಾದ ನೆಕ್ಸ್ಟ್‌ಎರಾ. ಇದೇ ಎಸ್ತ್ರೆಮದೂರದಲ್ಲಿ ಎರಡು ಸೋಲಾರ್ ಉಷ್ಣ ಸ್ಥಾವರ ಕಟ್ಟಿದ ಕಂಪನಿ. ಅಮೆರಿಕ ಈ ಒಪ್ಪಂದದಲ್ಲೇ ಇಲ್ಲ. ಹಾಗಾದರೆ ಹೇಗೆ ಬಂದರು? ನೆದರ್ಲೆಂಡ್ಸ್‌ನಲ್ಲಿ ನೋಂದಾಯಿಸಿದ ತಮ್ಮ ಕಂಪನಿಗಳ ಹೆಸರಲ್ಲಿ ಬಂದರು. 2019ರಲ್ಲಿ 29 ಕೋಟಿ ಯೂರೋ ಗೆದ್ದರು. ಅಬುಧಾಬಿಯ ಇಂಧನ ಕಂಪನಿ ಮಸ್ದಾರ್ ಬಂದದ್ದು ಹೇಗೆ? ಅದೂ ಒಂದು ಡಚ್ ಸಂಸ್ಥೆಯ ಮೂಲಕ. 2018ರಲ್ಲಿ 6.45 ಕೋಟಿ ಯೂರೋ. ಇನ್ನೂ ಮಜಾ ಕೇಳಿ. ಶರಾನ್ ಅಂತ ಒಂದು ಡಚ್ ಕಂಪನಿ ಕೇಸ್ ಹಾಕಿತು. ಇದರ ನಿಜವಾದ ಒಡೆಯರು ನಮ್ಮ ಸ್ಪೇನಿನವರೇ ಸ್ವಾಮಿ ಅಂತ ಸರ್ಕಾರ ವಾದ ಮಾಡಿತು. ಮಂಡಳಿ ಏನಂದಿತು? ಪರವಾಗಿಲ್ಲ, ಕಾಗದದಲ್ಲಿ ಡಚ್ ಅಂತಿದೆಯಲ್ಲ, ಒಳಗೆ ಬನ್ನಿ! ಆ ಕೇಸ್ 2016ರಲ್ಲಿ ಸೋತಿತು, ಅದು ಬೇರೆ ಮಾತು. ಬಾಗಿಲಂತೂ ತೆರೆಯಿತಲ್ಲ.

ಅಂದರೆ ಹೊರಗಿನವನಾಗಲು ಹೊರಗಿನವನೇ ಆಗಬೇಕಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ವಿಳಾಸ, ಒಬ್ಬ ಒಳ್ಳೆಯ ಲಾಯರ್ ಸಾಕು. ಅಡ ಇಟ್ಟ ಮನೆಯವನ ಹತ್ತಿರ ಎರಡೂ ಇರಲಿಲ್ಲ. ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಮೊದಲ ಪಂಕ್ತಿ, ಸಾಲ ಮಾಡಿ ಅಡುಗೆ ಮಾಡಿಸಿದವನಿಗೆ ತಳದ ಸಾರು. ಅಷ್ಟೇ ಇದು.

"ಸರ್, ಊರಿನವರಿಗೆ ಸ್ಪೇನ್ ಕೋರ್ಟ್ ಇತ್ತಲ್ಲ?" ಇತ್ತು. ಹೋದರು ಕೂಡ. 2015ರ ಡಿಸೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಸರ್ಕಾರದ ಬದಲಾವಣೆ ಸರಿ ಅಂದಿತು. 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ನಿಯಮ ಬದಲಾಗಬಹುದು ಅಂತ ಹೂಡಿಕೆದಾರ ಊಹಿಸಬೇಕಿತ್ತಂತೆ! ಫ್ಲಾರಿಡಾದಲ್ಲಿ ಲಾಯರುಗಳ ಪಡೆ ಇಟ್ಟುಕೊಂಡ ಕಂಪನಿಗೆ ಊಹಿಸಲು ಆಗಲಿಲ್ಲ ಪಾಪ, ಅದಕ್ಕೆ ಪರಿಹಾರ. ಕಿರಾಣಿ ಅಂಗಡಿಯವನು ಮಾತ್ರ ಊಹಿಸಬೇಕಿತ್ತು!

"ವಿದೇಶಿ ಬಂಡವಾಳ ಬರಬೇಕಾದರೆ ಭದ್ರತೆ ಬೇಕಲ್ವಾ?" ಬೇಕು. ಸ್ವದೇಶಿ ಬಂಡವಾಳಕ್ಕೆ ಬೇಡ್ವಾ? ಅದಕ್ಕೇನು, ಬೇಸಿಗೆ ರಜೆಗೆ ಬಂದಿತ್ತಾ?

"ಅವರಿಗೆ ಓಟ್ ಇದೆಯಲ್ಲ, ಸರ್ಕಾರ ಬದಲಾಯಿಸಬಹುದಲ್ಲ?" ಬದಲಾಯಿಸಿದರು. ಮಿತಿ ಹಾಕಿದ್ದು ಒಂದು ಪಕ್ಷ, ರದ್ದು ಮಾಡಿದ್ದು ಇನ್ನೊಂದು ಪಕ್ಷ. ಬ್ಯಾಂಕಿನವರು ಕಂತಿನ ಬದಲು ಓಟರ್ ಸ್ಲಿಪ್ ತೆಗೆದುಕೊಳ್ಳುತ್ತಾರಾ?

ಇನ್ನೊಬ್ಬ ಜಾಣರು ಬರೆದಿದ್ದಾರೆ, "ಗೆದ್ದವರಿಗೂ ದುಡ್ಡು ಬಂದಿಲ್ಲ ಸರ್, ಅಲ್ಲಿಗೆ ಸಮ ಆಯ್ತು." ಇದಕ್ಕಂತೂ ಚಪ್ಪಾಳೆ. ಹೌದು, ಸ್ಪೇನ್ ತಾನಾಗಿ ಕೊಡುತ್ತಿಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಇಂಥ ಆರ್ಬಿಟ್ರೇಷನ್ ನಡೆಯುವಂತಿಲ್ಲ ಅಂತ ಒಕ್ಕೂಟದ ನ್ಯಾಯಾಲಯ 2018ರಲ್ಲಿ, ಮತ್ತೆ 2021ರಲ್ಲಿ ಹೇಳಿತು. ಆಂಟಿನ್ ಅನ್ನುವ ಹೂಡಿಕೆ ಸಂಸ್ಥೆ ಗೆದ್ದ 10.1 ಕೋಟಿ ಯೂರೋ ಕೊಟ್ಟರೆ ಅದು ಅಕ್ರಮ ಸರ್ಕಾರಿ ನೆರವು ಅಂತ ಯುರೋಪಿಯನ್ ಕಮಿಷನ್ 2025ರ ಮಾರ್ಚ್‌ನಲ್ಲಿ ತೀರ್ಮಾನಿಸಿತು. ಆದರೆ ಗೆದ್ದ ಕಂಪನಿಗಳು ಸುಮ್ನೆ ಕೂತಿವೆಯಾ? ತೀರ್ಪು ಹಿಡಿದು ವಸೂಲಿಗಾಗಿ ಲಂಡನ್, ವಾಷಿಂಗ್ಟನ್, ಸಿಡ್ನಿ ಕೋರ್ಟು ಸುತ್ತುತ್ತಿವೆ. 2023ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತಿ ದೊಡ್ಡ ಕೋರ್ಟ್, ಸ್ಪೇನ್ ವಿರುದ್ಧವೇ ತೀರ್ಪು ಕೊಟ್ಟಿತು. ಕೆಲವರು ತಮ್ಮ ತೀರ್ಪನ್ನೇ ಬ್ಲಾಸ್ಕೆಟ್ ಅನ್ನುವ ಅಮೆರಿಕದ ಕಂಪನಿಗೆ ಮಾರಿದರು. ತೀರ್ಪನ್ನು ಮಾರುವುದು! ಇಸ್ರೋದ ಕಂಪನಿ ಜೊತೆಗಿನ ಸ್ಯಾಟಲೈಟ್ ಒಪ್ಪಂದ ರದ್ದಾದ ನಮ್ಮ ಬೆಂಗಳೂರಿನ ದೇವಾಸ್ ಕೇಸ್ ನೆನಪಿದೆಯಾ? ಅದರ ಹೂಡಿಕೆದಾರರು ಭಾರತ ಸರ್ಕಾರದಿಂದ ವಸೂಲಿ ಮಾಡಲು ಕೆನಡಾಕ್ಕೆ ಹೋಗಿ ನಮ್ಮ ಏರ್‌ಪೋರ್ಟ್ಸ್ ಅಥಾರಿಟಿಗೆ ಬರಬೇಕಿದ್ದ ದುಡ್ಡಿಗೆ ಕೈ ಹಾಕಿದ್ದರು. ಅದೇ ಆಟ. ಸೋಲಾರ್ ತೋಟದ ಅಜ್ಜ ಏನು ಮಾರಬೇಕು? ಸಾಲದ ಪಾಸ್‌ಬುಕ್ಕಾ?

ಈ ಕೇಸುಗಳ ಬಗ್ಗೆ ಮೆಂಬರ್‌ಗಳಿಗೆ ಬೇರೆ ವಿಡಿಯೋ ಇದೆ. ಅಲ್ಲಿ ನಾನು ಇಷ್ಟು ಕೂಗಾಡಿಲ್ಲ. ಲಿಂಕ್ ಕೆಳಗಿದೆ.

"ಸ್ಪೇನ್ ಯಾಕೆ ಸರ್, ಕರ್ನಾಟಕದ ಬಗ್ಗೆ ಮಾತಾಡಿ" ಅನ್ನುವವರೂ ಇದ್ದೀರಿ. ಮಾತಾಡೋಣ. 2014ರಲ್ಲಿ ನಮ್ಮಲ್ಲೂ ರೈತರ ಜಮೀನಿನಲ್ಲಿ 1ರಿಂದ 3 ಮೆಗಾವ್ಯಾಟ್ ಸೋಲಾರ್ ಹಾಕುವ ಯೋಜನೆ ಬಂತು. ಯೂನಿಟ್‌ಗೆ 8.40 ರೂಪಾಯಿ. ಕೆಲಸ ತಡವಾಯಿತು ಅಂತ ಹಲವರ ದರಕ್ಕೆ ಕತ್ತರಿ ಬಿತ್ತು. ಅವರು ವಾಷಿಂಗ್ಟನ್‌ಗೆ ಹೋದರಾ? ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ, ಆಮೇಲೆ ದೆಹಲಿಯ ವಿದ್ಯುತ್ ಮೇಲ್ಮನವಿ ಮಂಡಳಿ, ಅಲ್ಲಿಂದ ಸುಪ್ರೀಂ ಕೋರ್ಟು. ಭಾರತ ಎನರ್ಜಿ ಚಾರ್ಟರ್‌ನಲ್ಲಿ ಇಲ್ಲ, ಇದ್ದಿದ್ದರೂ ನಮ್ಮ ರೈತನಿಗೆ ಅದು ಸಿಗುತ್ತಿರಲಿಲ್ಲ. ಯಾಕೆ? ಊರಿನವನು!

ಸ್ಪೇನ್ ಈಗ ಒಪ್ಪಂದದಿಂದಲೇ ಹೊರಗೆ ಬಂದಿದೆ. ಯುರೋಪಿಯನ್ ಒಕ್ಕೂಟವೂ 2025ರ ಜೂನ್‌ನಲ್ಲಿ ಹೊರಬಿತ್ತು. ಒಳ್ಳೆಯದು ಅಂತೀರಾ? ಹಳೆಯ ಹೂಡಿಕೆಗೆ ಇನ್ನೂ 20 ವರ್ಷ ಭದ್ರತೆ ಅಂತ ಅದೇ ಒಪ್ಪಂದದಲ್ಲಿ ಬರೆದಿದೆ! ಅದು ನಡೆಯುತ್ತಾ ಇಲ್ವಾ ಅಂತ ಯುರೋಪಿನವರು ಕಿತ್ತಾಡಲಿ. ಸಾಲ ಕಟ್ಟುತ್ತಿರುವವನಿಗೆ 20 ದಿನದ ಭದ್ರತೆಯನ್ನೂ ಯಾರೂ ಬರೆಯಲಿಲ್ಲ. ಒಬ್ಬರಾದರೂ ಬರೆದರಾ? ಇಲ್ಲ! ಬಾಗಿಲು ಯಾರಿಗೆ? ಹೊರಗಿನವರಿಗೆ! ಈಗ ನೀವು ಕೇಳುತ್ತೀರಿ, ಹಾಗಾದರೆ ಪರಿಹಾರ ಏನು ಸರ್ ಅಂತ. ನನ್ನನ್ನು ಕೇಳಿದರೆ? ನಾನು ಕೂಗುವವನು, ಕಾನೂನು ಮಂತ್ರಿ ಅಲ್ಲ. ಮೈಕ್ ಇದೆ, ಕೂಗುತ್ತೇನೆ. ಬೈಯುವವರು ಕಮೆಂಟಿನಲ್ಲೇ ಬೈಯಿರಿ, ವಾಟ್ಸಾಪಿನಲ್ಲಿ ಬೇಡ, ಅಲ್ಲಿ ಬೈದರೆ ಚಾನೆಲ್‌ಗೆ ಲಾಭ ಇಲ್ಲ. ಶನಿವಾರ ದೇವಾಸ್ ಕೇಸ್ ಪೂರ್ತಿ ಹೇಳುತ್ತೇನೆ, ಅದರಲ್ಲಿ ಮಾರಿಷಸ್ ಕಂಪನಿಗಳು ಬರುತ್ತವೆ. ಈಗಲೇ ಬೆಲ್ ಒತ್ತಿಬಿಡಿ.